ಅತ್ತೆ ಫೋನ್ ಎತ್ತಿದ ದಿನ

ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ವರ್ಷ ನಾನು ಕೆಲಸ ಬಿಟ್ಟೆ. ಅಲ್ಲಿಯವರೆಗೆ ಹದಿನಾಲ್ಕು ವರ್ಷ ಒಂದು ಕಾರ್ಖಾನೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತಿದ್ದೆ. ಯಾರ ಕರೆಯನ್ನು ಯಾರಿಗೆ ಕೊಡಬೇಕು, ಯಾರನ್ನು ಕಾಯಿಸಬಾರದು, ಸಿಟ್ಟಿನಲ್ಲಿರುವವರ ಜೊತೆ ದನಿ ಎಷ್ಟು ತಗ್ಗಿಸಬೇಕು ಅನ್ನುವುದಷ್ಟೇ ನಾನು ಕಲಿತ ವಿದ್ಯೆ. ಮನೆಯಲ್ಲಿ ಕೂತ ಮೇಲೆ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ ಅಂದುಕೊಂಡಿದ್ದೆ.

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಬನಶಂಕರಿ ಎರಡನೇ ಸ್ಟೇಜಿನಲ್ಲಿ ಒಂದು ಬಾಡಿಗೆ ಮನೆಯ ಕೆಳಭಾಗದಲ್ಲಿ ಇದ್ದೆವು. ನನ್ನ ಗಂಡ ಬೆಳಗ್ಗೆ ಆರಕ್ಕೆ ಫ್ಯಾಕ್ಟರಿ ಬಸ್ಸು ಹಿಡಿದರೆ ಬರುವುದು ಸಂಜೆಗೆ. ಅತ್ತೆಗೆ ಕೆಲವು ವರ್ಷಗಳ ಹಿಂದೆ ಪೊರೆಯ ಆಪರೇಷನ್ ಮಾಡಿದ್ದ ಡಾಕ್ಟರಮ್ಮ ಜಯನಗರದಲ್ಲಿ ಒಂದು ಚಿಕ್ಕ ಕಣ್ಣಿನ ಬ್ಯಾಂಕು ನಡೆಸುತ್ತಿದ್ದರು. ತೀರಿಕೊಂಡವರ ಮನೆಯವರು ಫೋನ್ ಮಾಡಿದರೆ ಹೋಗಿ ಕಣ್ಣು ತಂದು, ಕಾರ್ನಿಯಾ ಹಾಳಾಗಿ ದೃಷ್ಟಿ ಕಳೆದುಕೊಂಡವರಿಗೆ ಹಾಕುವ ಏರ್ಪಾಡು. ಕಣ್ಣಿಗೆ ಹಾಕುವ ಡ್ರಾಪ್ಸ್ ಬರೆಸಿಕೊಳ್ಳಲು ಹೋದಾಗ ನಾನು ಕೆಲಸ ಬಿಟ್ಟ ವಿಷಯ ಅವರ ಕಿವಿಗೆ ಬಿತ್ತು.

"ನೀವು ಮನೆ ಬಿಟ್ಟು ಎಲ್ಲೂ ಬರ್ಬೇಕಾಗಿಲ್ಲ," ಅಂದರು. "ನಮ್ಮ ಬ್ಯಾಂಕಿನ ಫೋನನ್ನ ಬೆಳಗ್ಗೆ ಆರರಿಂದ ಎರಡರವರೆಗೆ ನಿಮ್ಮ ಮನೆಗೆ ತಿರುಗಿಸ್ತೀವಿ. ಆ ಕಡೆಯಿಂದ ಮಾತಾಡೋರು ಅಳ್ತಾ ಇರ್ತಾರೆ. ನೀವು ಅಳಬಾರ್ದು. ಅಷ್ಟೇ."

ಅಷ್ಟೇ ಅಲ್ಲ ಅನ್ನುವುದು ಮೊದಲ ವಾರದಲ್ಲೇ ಗೊತ್ತಾಯಿತು. ತೀರಿಕೊಂಡವರ ವಯಸ್ಸೆಷ್ಟು, ಎಷ್ಟು ಹೊತ್ತಿಗೆ ಜೀವ ಹೋಯಿತು, ಏನು ಕಾಯಿಲೆ ಇತ್ತು ಅಂತ ಕೇಳಬೇಕು. ಫ್ಯಾನ್ ಆರಿಸಲು ಹೇಳಬೇಕು. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಲು ಹೇಳಬೇಕು. ಡಾಕ್ಟರ ಸರ್ಟಿಫಿಕೇಟ್ ತರಿಸಿಟ್ಟಿರಬೇಕು. ಆರು ಗಂಟೆಯ ಒಳಗೆ ಎಲ್ಲ ಮುಗಿಯಬೇಕು. ಕಣ್ಣು ತೆಗೆಯಲು ಹೋಗುತ್ತಿದ್ದ ಟೆಕ್ನಿಷಿಯನ್ ಗದಗದ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಒಂದು ರೂಮು ಬಾಡಿಗೆ ಹಿಡಿದಿದ್ದ. ಆತನ ಬಳಿ ಪೇಜರ್ ಇತ್ತು. ನಾನು ಪೇಜರ್ ಕಂಪನಿಗೆ ಫೋನ್ ಮಾಡಿ ಸಂದೇಶ ಹೇಳಿದರೆ, ಆತ ಹತ್ತಿರದ ಟೆಲಿಫೋನ್ ಬೂತಿನಿಂದ ನನಗೆ ಫೋನ್ ಮಾಡಿ ವಿಳಾಸ ಬರೆದುಕೊಂಡು ಸ್ಕೂಟರ್ ಹತ್ತುತ್ತಿದ್ದ. ಇಡೀ ದಕ್ಷಿಣ ಬೆಂಗಳೂರನ್ನು ಆತ ಸಾವಿನ ಮನೆಗಳ ಗುರುತಿನಲ್ಲೇ ಕಲಿತ. "ಸಿದ್ದಾಪುರದ ಆ ಗಲ್ಲಿ ನನಗ ಗೊತ್ತೈತ್ರಿ ಅಕ್ಕಾರ, ಹೋದ ತಿಂಗಳ ಅಲ್ಲೇ ಒಂದ ಮನಿಗೆ ಹೋಗಿದ್ನಿ," ಅನ್ನುತ್ತಿದ್ದ.

ನಮ್ಮ ಫೋನು ಇದ್ದದ್ದು ನಡುಮನೆಯಲ್ಲಿ. ಅತ್ತೆಯ ಮಂಚ ಇದ್ದದ್ದೂ ಅಲ್ಲೇ, ಫೋನಿಗೆ ಒಂದು ಮೊಳ ದೂರದಲ್ಲಿ. ಅತ್ತೆ ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಶಾಸ್ತ್ರ ಸಂಪ್ರದಾಯ ಬಿಡದವರು. ಸೊಂಟ ಮುರಿದ ಮೇಲೆ ವಾಕರ್ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಿದ್ದರೇ ಹೊರತು ಉಳಿದ ಹೊತ್ತೆಲ್ಲ ಮಂಚದ ಮೇಲೆಯೇ.

"ಬೆಳಗಾಗೆದ್ದು ದೇವರ ದೀಪ ಹಚ್ಚೋ ಹೊತ್ತಿಗೆ ಯಾರ್ಯಾರ ಮನೆ ಹೆಣದ ಸುದ್ದಿಯೋ ನಮ್ಮನೆ ಒಳಗೆ ಬರ್ಬೇಕಾ?" ಅಂದರು ಮೊದಲ ದಿನವೇ.

"ಹೆಣ ಬರಲ್ಲಮ್ಮ, ಫೋನ್ ಬರುತ್ತೆ."

"ಸುದ್ದಿ ಬಂದ್ರೆ ಮೈಲಿಗೆ ಬಂದ ಹಾಗೇ. ಕೈಕಾಲು ತೊಳ್ಕೊಂಡು ಅಡುಗೆಮನೆಗೆ ಹೋಗು."

ನಾನು ಪ್ರತಿ ಕರೆ ಮುಗಿದ ಮೇಲೆ ಕೈಕಾಲು ತೊಳೆದುಕೊಂಡೇ ಅಡುಗೆಮನೆಗೆ ಹೋಗುತ್ತಿದ್ದೆ. ವಾದ ಮಾಡಲಿಲ್ಲ. ಫೋನನ್ನು ಒಳಗಿನ ಕೋಣೆಗೆ ಹಾಕಿಸೋಣ ಅಂದರೆ ಮನೆ ಓನರು ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. ಹೀಗೇ ಏಳೆಂಟು ತಿಂಗಳು ಅತ್ತೆ ಗೋಡೆಗೆ ಮುಖ ಮಾಡಿ ಮಲಗಿಯೇ ನನ್ನ ಪ್ರತಿ ಮಾತನ್ನೂ ಕೇಳಿಸಿಕೊಂಡರು. ಬೇರೆ ದಾರಿಯೂ ಇರಲಿಲ್ಲ.

ಒಂದು ದಿನ ಗಿರಿನಗರದಿಂದ ಕರೆ ಬಂತು. ಮಾತಾಡಿ, ಟೆಕ್ನಿಷಿಯನ್ನಿಗೆ ವಿಳಾಸ ಕೊಟ್ಟು, ಎದ್ದು ಅಡುಗೆಮನೆಗೆ ಹೊರಟಿದ್ದೆ. ಅತ್ತೆ ಗೋಡೆಯ ಕಡೆಯಿಂದ ತಿರುಗದೆ ಹೇಳಿದರು: "ದಿಂಬು ಇಡೋಕೆ ಹೇಳಿದೆ. ಫ್ಯಾನ್ ಆರಿಸೋಕೆ ಹೇಳ್ಲೇ ಇಲ್ಲ ನೀನು."

ನಿಜವಾಗಿಯೂ ಹೇಳಿರಲಿಲ್ಲ. ತಿರುಗಿ ಫೋನ್ ಮಾಡಿ ಹೇಳಿದೆ. ಅವತ್ತಿನಿಂದ ಮಧ್ಯಾಹ್ನ ಊಟಕ್ಕೆ ಕೂತಾಗ "ಆ ಗಿರಿನಗರದವರದ್ದು ಆಯ್ತಂತಾ?" "ಆ ಹುಡುಗ ಊಟ ಮಾಡಿದ್ನಂತಾ?" ಅಂತ ಕೇಳಲು ಶುರು ಮಾಡಿದರು. ಹುಡುಗ ಅಂದರೆ ಟೆಕ್ನಿಷಿಯನ್. ಮೂವತ್ತರ ಹತ್ತಿರದ ಆತನ ಮುಖವನ್ನು ಅವರು ಒಂದೆರಡು ಸಲ ನೋಡಿದ್ದರು, ನಾನು ಕರೆಗಳ ಲೆಕ್ಕ ಬರೆದಿಟ್ಟ ತಿಂಗಳ ಫಾರಂ ತಗೊಂಡು ಹೋಗಲು ಬಂದಾಗ. ಮಂಚದ ಹತ್ತಿರ ಬಾ ಅಂತ ಮಾತ್ರ ಕರೆದಿರಲಿಲ್ಲ.

ಆಮೇಲೆ ಆ ದಿನ ಬಂತು.

ಅತ್ತೆಯ ಒಂದು ಮಾತ್ರೆ ನಮ್ಮ ಕಡೆ ಸಿಗುತ್ತಿರಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಒಂದು ಅಂಗಡಿಯಲ್ಲಿ ಮಾತ್ರ ಇರುತ್ತಿತ್ತು. ಹೊರಗೆ ಹೋಗುವುದಿದ್ದರೆ ಬ್ಯಾಂಕಿಗೆ ಮೊದಲೇ ತಿಳಿಸಬೇಕು, ಅವರು ಕರೆಗಳನ್ನು ಬೇರೆಯವರ ಮನೆಗೆ ತಿರುಗಿಸುತ್ತಾರೆ ಅನ್ನುವುದು ನಿಯಮ. ಅವತ್ತು ನಾನು ತಿಳಿಸಲಿಲ್ಲ. ಅರ್ಧ ಗಂಟೆಯ ಕೆಲಸಕ್ಕೆ ಯಾಕೆ ಅಂದುಕೊಂಡೆ. ಎಂಟೂವರೆಗೆ ಹೊರಟೆ. ಅಂಗಡಿಯವನು ಬಾಗಿಲು ತೆಗೆದದ್ದೇ ಒಂಬತ್ತೂಕಾಲಿಗೆ. ಬರುವಾಗ ಬಸ್ಸಿಲ್ಲ. ಆಟೋದವರು ಬನಶಂಕರಿ ಅಂದರೆ ತಲೆ ಅಲ್ಲಾಡಿಸಿ ಮುಂದೆ ಹೋದರು. ಅರ್ಧ ದಾರಿ ನಡೆದೇ ಬಂದೆ. ಮನೆ ಮುಟ್ಟುವಾಗ ಹತ್ತು ಗಂಟೆ ದಾಟಿತ್ತು.

ಬಾಗಿಲ ಬೀಗ ತೆಗೆಯುತ್ತಿರುವಾಗಲೇ ಒಳಗಿನಿಂದ ಅತ್ತೆಯ ಮಾತು ಕೇಳಿಸಿತು. ಯಾರ ಜೊತೆಗೋ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು.

ಒಳಗೆ ಹೋಗಿ ನೋಡಿದರೆ ಅವರು ಮಂಚದ ಅಂಚಿಗೆ ಬಂದು, ಗೋಡೆಗೆ ಒರಗಿ ಕೂತಿದ್ದಾರೆ. ರಿಸೀವರ್ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿದೆ. ತೊಡೆಯ ಮೇಲೆ ಒಂದು ಮದುವೆ ಕಾಗದದ ಲಕೋಟೆ. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ದೊಡ್ಡ ದೊಡ್ಡ ಅಕ್ಷರ. "ಕತ್ರಿಗುಪ್ಪೆ. ಗಂಡಸು. ಐವತ್ತೆರಡು. ಎಂಟು ಗಂಟೆಗೆ. ಎದೆನೋವು. ಸಕ್ಕರೆ ಕಾಯಿಲೆ ಇತ್ತು. ಫ್ಯಾನ್ ಆರಿಸಿದರು. ಹತ್ತಿ ಇಟ್ಟರು. ದಿಂಬು ಇಟ್ಟರು. ಡಾಕ್ಟರು ಬರ್ತಾ ಇದಾರೆ. ಹೆಂಡತಿ ಮಾತಾಡಿದ್ದು." ಕೆಳಗೆ ಆ ಮನೆಯ ಫೋನ್ ನಂಬರು.

ಒಂದೂ ಬಿಟ್ಟಿರಲಿಲ್ಲ. ನಾನು ಕೆಲವು ಸಲ ಬಿಡುತ್ತಿದ್ದುದನ್ನೂ ಅವರು ಬಿಟ್ಟಿರಲಿಲ್ಲ.

ಫೋನಿಟ್ಟ ಮೇಲೆ ಹೇಳಿದರು. ಕರೆ ಬಂದದ್ದು ಒಂಬತ್ತಕ್ಕೆ. ಎಂಟು ಸಲ ಬಡಿದುಕೊಂಡಿತಂತೆ. ನಿಂತು, ಮತ್ತೆ ಶುರುವಾಯಿತಂತೆ. "ಯಾರೋ ಪಾಪ, ಹೆಣ ಮುಂದಿಟ್ಕೊಂಡು ಕೂತಿದಾರೆ, ಯಾರೂ ಎತ್ತಲ್ಲ ಅಂದ್ರೆ ಏನಂದ್ಕೋತಾರೆ ಅಂತ ಎತ್ತಿದೆ," ಅಂದರು. ಕರೆಗಳನ್ನು ಬರೆದಿಡುವ ನನ್ನ ರಿಜಿಸ್ಟರಿನ ಮೊದಲ ಪುಟದಲ್ಲಿ ಪೇಜರಿನ ನಂಬರು ಇದ್ದದ್ದು ಅವರಿಗೆ ಗೊತ್ತಿತ್ತು. ಪೇಜರ್ ಕಂಪನಿಯ ಹುಡುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದಳಂತೆ. "ನಂಗೆ ಇಂಗ್ಲಿಷ್ ಬರಲ್ಲಮ್ಮ. ಬನಶಂಕರಿ ಮನೆಗೆ ಫೋನ್ ಮಾಡು ಅಂತ ಬರ್ಕೋ, ಸಾಕು ಅಂದೆ. ಬರ್ಕೊಂಡ್ಲು." ಟೆಕ್ನಿಷಿಯನ್ ಫೋನ್ ಮಾಡಿದಾಗ ದಾರಿಯನ್ನೂ ಇವರೇ ಹೇಳಿದ್ದರು. ಹಳೇ ಊರಿನ ಒಳಗೆ, ಅರಳಿಕಟ್ಟೆಯ ಹಿಂದಿನ ಮನೆ. ಈಗ ನಾನು ಒಳಗೆ ಬರುವಾಗ ಮಾತಾಡುತ್ತಿದ್ದದ್ದು ಮತ್ತೆ ಆ ಹೆಂಗಸಿನ ಜೊತೆಗೇ, ಆತ ಹೊರಟಿದ್ದಾನೆ ಅಂತ ತಿಳಿಸಲು.

ಮಂಚದ ಮೇಲೆ ಕೂತೆ. ನಾನು ತಪ್ಪಿದ ಕೆಲಸವನ್ನು, ಒಂದು ಮಾತ್ರೆಗೂ ನನ್ನನ್ನು ಕಾಯಬೇಕಾದ ಈ ಎಪ್ಪತ್ತೊಂದರ ಹೆಂಗಸು ಮಾಡಿ ಮುಗಿಸಿದ್ದರು. ಬೈಯಲಿಲ್ಲ. "ನೀರು ಕುಡಿ, ಮುಖ ಕೆಂಪಾಗಿದೆ," ಅಂದರು.

ಮುಕ್ಕಾಲು ಗಂಟೆ ಕಳೆದ ಮೇಲೆ ಟೆಕ್ನಿಷಿಯನ್ ಕತ್ರಿಗುಪ್ಪೆಯ ಆ ಮನೆಯಿಂದಲೇ ಫೋನ್ ಮಾಡಿದ. ಅಲ್ಲಿ ತಕರಾರು ಎದ್ದಿತ್ತು. ತೀರಿಕೊಂಡವರು ಆ ಊರಿನ ಹಳೇ ಒಕ್ಕಲು ಮನೆತನದವರು. ಹೊಲ ಇದ್ದ ಜಾಗದಲ್ಲಿ ಸೈಟುಗಳಾಗಿ, ಈಗ ನಾಲ್ಕು ಬಾಡಿಗೆ ಮನೆ, ಒಂದು ಹಾರ್ಡ್‌ವೇರ್ ಅಂಗಡಿ. ಮಗಳ ಸ್ಕೂಲಿನಲ್ಲಿ ಯಾರೋ ನೇತ್ರದಾನದ ಬಗ್ಗೆ ಮಾತಾಡಿದ್ದನ್ನು ಕೇಳಿ ಬಂದು, ನಾನು ಹೋದರೆ ಕೊಟ್ಟುಬಿಡು ಅಂತ ಹೆಂಡತಿಗೆ ಹೇಳಿದ್ದರಂತೆ. ಹೆಂಡತಿ ಅದನ್ನು ಮರೆಯದೆ ಫೋನ್ ಮಾಡಿದ್ದಳು. ಆದರೆ ಸತ್ತವರ ತಾಯಿ ಒಪ್ಪುತ್ತಿಲ್ಲ. ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾರೆ, ಯಾರನ್ನೂ ಹತ್ತಿರ ಬಿಡುತ್ತಿಲ್ಲ.

"ಹೆಂಡ್ತಿ ಸಹಿ ಮಾಡ್ತೇನಿ ಅಂತಾರ್ರಿ. ಆದ್ರ ಆ ಅಜ್ಜಿನ್ನ ಸರಿಸಿ ಮಾಡೋ ಕೆಲಸ ಅಲ್ರಿ ಇದು. ನನ್ನ ಕೈಲೆ ಆಗಂಗಿಲ್ರಿ ಅಕ್ಕಾರ," ಅಂದ.

ಆತ ಹೇಳಿದ್ದು ಸರಿ ಇತ್ತು. ಒತ್ತಾಯ ಮಾಡಬಾರದು ಅನ್ನುವುದು ಡಾಕ್ಟರಮ್ಮ ನಮಗೆ ಮೊದಲು ಕಲಿಸಿದ ಪಾಠ. ವಾಪಸ್ ಬಂದುಬಿಡಿ ಅಂತ ಹೇಳುವುದರಲ್ಲಿದ್ದೆ. ಅತ್ತೆ ಕೈ ಚಾಚಿದರು.

"ಆ ತಾಯಿ ಹತ್ರ ಫೋನ್ ಕೊಡೋಕೆ ಹೇಳು ಆ ಹುಡುಗನಿಗೆ. ಇಲ್ಲಿ ಕೊಡು."

"ಅಮ್ಮ, ಒಪ್ಪಿಸೋ ಹಾಗಿಲ್ಲ ನಾವು."

"ನಾನೇನು ಒಪ್ಪಿಸ್ತೀನಿ ಅಂದ್ನಾ? ಅವಳ ಹತ್ರ ಯಾರೂ ಮಾತೇ ಆಡ್ತಿಲ್ಲ ಅಲ್ಲಿ. ಎಲ್ಲ ಅವಳ ಬಗ್ಗೆ ಮಾತಾಡ್ತಿದಾರೆ."

ಆ ಮನೆಯ ಫೋನಿನ ವೈರು ಉದ್ದ ಇತ್ತೋ, ಆ ತಾಯಿಯೇ ಎದ್ದು ಬಂದರೋ ನನಗೆ ಗೊತ್ತಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆ ಕಡೆ ಒಂದು ಒಡಕು ದನಿ ಕೇಳಿಸಿತು. ಅತ್ತೆ ತಾವು ಯಾರು ಅಂತ ಹೇಳಿದರು. ಮಂಚ ಹಿಡಿದ ಮುದುಕಿ, ಸೊಸೆ ಈ ಕೆಲಸ ಮಾಡುತ್ತಾಳೆ, ಅಷ್ಟೇ ಅಂದರು. ಆಮೇಲೆ "ನಿನ್ನ ಮಗ ಎಂಥವನಮ್ಮ?" ಅಂತ ಕೇಳಿದರು.

ಅದರ ನಂತರ ಇಪ್ಪತ್ತು ನಿಮಿಷ ಅತ್ತೆ ಬರೀ "ಹೂಂ" ಅಂದರು. ನಾನು ಪಕ್ಕದಲ್ಲೇ ಕೂತಿದ್ದರಿಂದ ಅಲ್ಲಲ್ಲಿ ಒಂದೊಂದು ಮಾತು ಕೇಳಿಸುತ್ತಿತ್ತು. ಚಿಕ್ಕವನಿದ್ದಾಗ ರಾಗಿ ಕಣದಲ್ಲಿ ಮಲಗುತ್ತಿದ್ದನಂತೆ. ತಂದೆ ಹೋದ ಮೇಲೆ ತಮ್ಮಂದಿರನ್ನು ಓದಿಸಿದನಂತೆ. ಬಾಡಿಗೆಯವರ ಮಗುವಿಗೆ ಜ್ವರ ಬಂದರೂ ಇವನೇ ಆಸ್ಪತ್ರೆಗೆ ಹೊತ್ತುಕೊಂಡು ಹೋಗುತ್ತಿದ್ದನಂತೆ.

ಕೊನೆಗೆ ಆ ತಾಯಿ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಕಣ್ಣು ಕಿತ್ಕೊಟ್ರೆ ಮುಂದಿನ ಜನ್ಮಕ್ಕೆ ನನ್ ಮಗ ಕುರುಡ ಆಗ್ತಾನಂತಲ್ಲವ್ವಾ?"

ಅತ್ತೆ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡರು. "ಹಾಗಂತ ನಾನೂ ಕೇಳಿದೀನಿ ಕಣಮ್ಮ," ಅಂದರು. "ನಂಬಿದ್ದೆ ಕೂಡ. ಈಗ ನಂಗೆ ಗೊತ್ತಿಲ್ಲ. ಗೊತ್ತಿಲ್ದೇ ಇರೋದನ್ನ ಹೇಳಲ್ಲ. ಆದ್ರೆ ಒಂದು ಕೇಳ್ತೀನಿ. ಅವನು ಇದ್ದಾಗ ಯಾರಾದ್ರೂ ಏನಾದ್ರೂ ಕೇಳ್ಕೊಂಡು ಬಂದ್ರೆ ಇಲ್ಲ ಅಂತಿದ್ನಾ?"

ಆ ಕಡೆಯಿಂದ ಅಳು ಕೇಳಿಸಿತು.

"ನೀನು ಬೇಡ ಅಂದ್ರೂ ಏನೂ ತಪ್ಪಿಲ್ಲಮ್ಮ," ಅಂದರು ಅತ್ತೆ. "ಆ ಹುಡುಗ ನಮಸ್ಕಾರ ಮಾಡಿ ಎದ್ದು ಬರ್ತಾನೆ. ಯಾರೂ ಏನೂ ಅನ್ನಲ್ಲ. ನಿನ್ನ ಮಗ, ನಿನ್ನ ಮಾತು."

ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್ ಬಡಿಯಿತು. ಟೆಕ್ನಿಷಿಯನ್ನಿನ ದನಿ ಸಣ್ಣದಾಗಿತ್ತು. "ಅಜ್ಜಿನ ಎದ್ದು ಜಾಗಾ ಬಿಟ್ಟಾರ್ರಿ. ಮೊದಲ ಮಗನ ಮುಖ ತೊಳಿತೇನಿ, ಆಮ್ಯಾಲ ಮಾಡು ಅಂದ್ರು. ತೊಳಿಲಿಕತ್ತಾರ್ರಿ." ಹನ್ನೆರಡೂವರೆಗೆ ಮೊದಲೇ ಕೆಲಸ ಮುಗಿಯಿತು. ಎರಡು ಕಣ್ಣೂ ಚೆನ್ನಾಗಿದ್ದವು ಅಂತ ಸಂಜೆ ಬ್ಯಾಂಕಿನಿಂದ ತಿಳಿಯಿತು.

ನಾನು ಡಾಕ್ಟರಮ್ಮನಿಗೆ ನನ್ನ ತಪ್ಪನ್ನು ಮುಚ್ಚಿಡಲಿಲ್ಲ. ಅವರು ಎಲ್ಲ ಕೇಳಿಸಿಕೊಂಡು, ಇನ್ನು ಮುಂದೆ ಐದು ನಿಮಿಷಕ್ಕೆ ಹೊರಗೆ ಹೋದರೂ ತಿಳಿಸಿ ಅಂತ ಬಿಗಿಯಾಗಿಯೇ ಹೇಳಿದರು. ಆಮೇಲೆ "ನಿಮ್ಮ ಅತ್ತೆ ಬೆಳಗ್ಗೆ ಎಷ್ಟು ಗಂಟೆಗೆ ಏಳ್ತಾರೆ?" ಅಂತ ಕೇಳಿದರು.

ಹಾಗೆ ನಮ್ಮ ಮನೆಯಲ್ಲಿ ಇಬ್ಬರಾದೆವು. ಕರೆ ತೆಗೆದುಕೊಂಡು ವಿವರ ಬರೆಯುವುದು ನಾನು. ಮನೆಯಲ್ಲಿ ಹಿರಿಯರು ಅಳುತ್ತಿದ್ದರೆ, ಯಾರಿಗಾದರೂ ಮಾತು ಬೇಕಾಗಿದ್ದರೆ ಅತ್ತೆಗೆ ಕೊಡುತ್ತಿದ್ದೆ. ಅವರು ಯಾರಿಗೂ ದಾನದ ಪುಣ್ಯದ ಮಾತು ಆಡಿದ್ದು ನನಗೆ ನೆನಪಿಲ್ಲ. ಹೋದವರ ಬಗ್ಗೆಯೇ ಕೇಳುತ್ತಿದ್ದರು. ಏನು ತಿನ್ನಲು ಇಷ್ಟ ಇತ್ತು, ಯಾರಿಗೆ ಹೆದರುತ್ತಿದ್ದರು, ಹೀಗೆ. ಎಷ್ಟೋ ಮನೆಯವರು ಬೇಡ ಅಂದರು. ಅವರ ಜೊತೆಗೂ ಅಷ್ಟೇ ಹೊತ್ತು ಮಾತಾಡಿದರು. ಮೈಲಿಗೆಯ ಮಾತು ನಿಂತಿರಲಿಲ್ಲ. ಕರೆ ಮುಗಿದ ಮೇಲೆ ಚೊಂಬಿನಲ್ಲಿ ನೀರು ತರಿಸಿ, ಮಂಚದ ಮೇಲೆ ಕೂತೇ ಕೈ ತೊಳೆದುಕೊಳ್ಳುತ್ತಿದ್ದರು. ಟೆಕ್ನಿಷಿಯನ್ ಬಂದಾಗ ಮಾತ್ರ ಮಂಚದ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಉಪ್ಪಿಟ್ಟು ಕೊಡಿಸುತ್ತಿದ್ದರು. "ರೊಟ್ಟಿ ಮಾಡೋಕೆ ನನ್ನ ಸೊಸೆಗೆ ಬರಲ್ಲಪ್ಪ, ಇದನ್ನೇ ತಿನ್ನು," ಅನ್ನುತ್ತಿದ್ದರು. ಆತ ಮುಂದೆ ಮದುವೆಯಾದ ಮೇಲೆ ಹೆಂಡತಿಯ ಕೈಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿಸಿ ತಂದ. ಅತ್ತೆ ಹಲ್ಲಿಲ್ಲದ ಬಾಯಲ್ಲಿ ಹಾಲಿಗೆ ಅದ್ದಿ ತಿಂದರು.

ಕತ್ರಿಗುಪ್ಪೆಯ ಆ ತಾಯಿ ಹದಿಮೂರು ದಿನ ಕಳೆದ ಮೇಲೆ ಫೋನ್ ಮಾಡಿದರು. ನಾನು ಎತ್ತಿದೆ. "ನೀನಲ್ಲ, ಆವತ್ತು ಮಾತಾಡಿದ ಅವ್ವನ್ನ ಕರಿ," ಅಂದರು. ಮಗನ ಕಣ್ಣು ಯಾರಿಗೆ ಹೋಯಿತು ಅಂತ ಅವರಿಗೆ ತಿಳಿಯಬೇಕಾಗಿತ್ತು. ಅತ್ತೆ ಹೇಳಿದರು: "ಹೇಳೋ ಹಾಗಿಲ್ವಂತೆ ಕಣಮ್ಮ. ನಾನೂ ಕೇಳ್ದೆ. ನಂಗೂ ಹೇಳ್ಲಿಲ್ಲ." ಇಬ್ಬರೂ ಬ್ಯಾಂಕಿನವರ ಮೇಲೆ ಸ್ವಲ್ಪ ಹೊತ್ತು ಮುನಿಸು ತೋರಿಸಿಕೊಂಡರು. ಅಲ್ಲಿಂದ ಹದಿನೈದು ದಿನಕ್ಕೊಂದು ಸಲ, ನನ್ನ ಪಾಳಿ ಮುಗಿದು ಮಧ್ಯಾಹ್ನ ಮೂರರ ಮೇಲೆ, ಆ ಮನೆಯಿಂದ ಫೋನ್ ಬರುವುದು ವಾಡಿಕೆಯಾಯಿತು. ಅವರೆಕಾಯಿ ಈ ಸಲ ಸೊನೆ ಇದೆಯೋ ಇಲ್ಲವೋ, ಮಂಡಿನೋವಿಗೆ ಯಾವ ಎಣ್ಣೆ, ಸೊಸೆಯಂದಿರು ಹೇಗೆ. ನಾನು ಮುಂದೆಯೇ ಕೂತಿದ್ದರೂ ಅತ್ತೆ ನನ್ನ ಬಗ್ಗೆ ಹೇಳಲು ಸಂಕೋಚಪಡುತ್ತಿರಲಿಲ್ಲ. ಎರಡು ಮನೆಗೂ ನಡುವೆ ಎರಡು ಮೈಲಿ ಇರಬಹುದು. ಒಬ್ಬರು ಮಂಚ ಬಿಟ್ಟು ಏಳಲಾಗದವರು, ಇನ್ನೊಬ್ಬರು ಮಗ ಹೋದ ಮೇಲೆ ಹೊಸಿಲು ದಾಟದವರು. ಆರು ವರ್ಷದಲ್ಲಿ ಒಮ್ಮೆಯೂ ಮುಖ ನೋಡಲಿಲ್ಲ.

ಅತ್ತೆ ಒಂದು ನೇತ್ರದಾನದ ಕಾರ್ಡಿಗೆ ಸಹಿ ಹಾಕಿ, ಅದನ್ನು ಪಂಚಾಂಗದ ಒಳಗೆ ಇಟ್ಟಿದ್ದರು. ಪೊರೆ ತೆಗೆಸಿದ ಕಣ್ಣೂ ನಡೆಯುತ್ತೆ ಅಂತ ಡಾಕ್ಟರಮ್ಮನಿಂದಲೇ ಕೇಳಿ ಖಾತ್ರಿ ಮಾಡಿಕೊಂಡಿದ್ದರು. ಆದರೆ ಹಾಸಿಗೆ ಹುಣ್ಣಿನಿಂದ ಶುರುವಾದ ನಂಜು ರಕ್ತಕ್ಕೆ ಏರಿ, ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು, ಒಂದು ಬೆಳಗ್ಗೆ ಏಳು ಗಂಟೆಗೆ ತೀರಿಕೊಂಡರು. ಅಷ್ಟು ಹೊತ್ತಿಗೆ ಟೆಕ್ನಿಷಿಯನ್ನಿನ ಕೈಗೆ ಮೊಬೈಲ್ ಬಂದಿತ್ತು. ನಾನೇ ಫೋನ್ ಮಾಡಿದೆ. ಆತ ನಾನು ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದ. ನಾನು ಉತ್ತರ ಹೇಳಿದೆ. ರಕ್ತದ ನಂಜಿನ ಮಾತು ಬಂದಾಗ ಇಬ್ಬರಿಗೂ ಗೊತ್ತಾಯಿತು.

"ತಗೊಳ್ಳಾಕ ಬರಂಗಿಲ್ರಿ ಅಕ್ಕಾರ," ಅಂದ. ಆಮೇಲೆ, "ನಾ ಬರ್ತೇನ್ರಿ," ಅಂದ.

ಎಷ್ಟೋ ಮನೆಯವರಿಗೆ ನಾನು ಈ ಮಾತು ಹೇಳಿದ್ದೆ. ಕೇಳಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಕೊಡಬೇಕು ಅಂತ ಇಟ್ಟುಕೊಂಡದ್ದನ್ನು ಯಾರೋ ಬೇಡ ಅಂದ ಹಾಗೆ. ಅತ್ತೆ ಇದ್ದಿದ್ದರೆ ಏನು ಅನ್ನುತ್ತಿದ್ದರು ಅಂತ ಯೋಚಿಸಿದೆ. ಬಹುಶಃ ಆ ಹುಡುಗ ತಿಂಡಿ ತಿಂದನಾ ಅಂತ ಕೇಳುತ್ತಿದ್ದರು.

ಅತ್ತೆಯನ್ನು ಆಸ್ಪತ್ರೆಯಿಂದ ಮನೆಗೆ ತರುವ ಹೊತ್ತಿಗೆ ಆತ ಹೆಂಡತಿಯ ಜೊತೆ ಬಂದ. ಕಣ್ಣು ಒಯ್ಯುವ ಪೆಟ್ಟಿಗೆ ಇಲ್ಲದೆ, ಬರಿಗೈಯಲ್ಲಿ ಬಂದು ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿದ. ಹತ್ತು ಗಂಟೆಯ ಹೊತ್ತಿಗೆ ಮನೆ ಮುಂದೆ ಒಂದು ಆಟೋ ನಿಂತಿತು. ಕತ್ರಿಗುಪ್ಪೆಯ ಸೊಸೆ ಮೊದಲು ಇಳಿದು, ಒಬ್ಬ ಎತ್ತರದ, ಬಾಗಿದ ಬೆನ್ನಿನ ಮುದುಕಿಯನ್ನು ಕೈಹಿಡಿದು ಇಳಿಸಿದಳು. ಸುದ್ದಿ ಟೆಕ್ನಿಷಿಯನ್ನೇ ಮುಟ್ಟಿಸಿದ್ದ. ಆ ತಾಯಿ ಯಾರನ್ನೂ ಕೇಳದೆ ನೇರವಾಗಿ ಒಳಗೆ ಬಂದು ಅತ್ತೆಯ ಪಕ್ಕ ನೆಲದ ಮೇಲೆ ಕೂತು ಮುಖವನ್ನೇ ನೋಡಿದರು.

"ಇಷ್ಟು ಸಣ್ಣಕ್ಕಿದ್ದಾರೆ ಅಂತ ಗೊತ್ತಿರ್ಲಿಲ್ಲ," ಅಂದರು ಸೊಸೆಗೆ. "ದನಿ ಕೇಳಿ ದೊಡ್ಡ ಆಳು ಅಂದ್ಕೊಂಡಿದ್ದೆ."

ನನ್ನ ಕಡೆ ತಿರುಗಿ, ನೀರು ಕೊಡು, ಮುಖ ತೊಳಿತೀನಿ ಅಂದರು. ನಮ್ಮ ಸಂಬಂಧಿಕರಲ್ಲಿ ಒಂದಿಬ್ಬರು, ಬೇರೆ ಜನ ಮುಟ್ಟಬಹುದಾ ಅಂತ ಪಿಸುಗುಟ್ಟಿದರು. ನನ್ನ ಗಂಡ ತಾನೇ ಒಳಗೆ ಹೋಗಿ ಚೊಂಬಿನಲ್ಲಿ ನೀರು, ಒಂದು ಒಗೆದ ಬಟ್ಟೆ ತಂದು ಅವರ ಕೈಗೆ ಕೊಟ್ಟರು. ಅವರು ನಿಧಾನವಾಗಿ, ಕಿವಿಯ ಹಿಂದೆ, ಕಣ್ಣಿನ ಮೂಲೆ, ಗಲ್ಲ, ಎಲ್ಲ ಒರೆಸಿದರು. ಮಧ್ಯೆ ಮಧ್ಯೆ ಏನೋ ಮಾತಾಡುತ್ತಿದ್ದರು, ಫೋನಿನಲ್ಲಿ ಮಾತಾಡುವ ಹಾಗೇ.

ಕರ್ಮಗಳೆಲ್ಲ ಮುಗಿದ ಮೇಲೆ ಈ ಕೆಲಸ ಬಿಟ್ಟುಬಿಡೋಣ ಅನ್ನಿಸಿತ್ತು. ನಡುಮನೆಯಲ್ಲಿ ಮಂಚ ಇರಲಿಲ್ಲ. ಫೋನ್ ಬಡಿದರೆ ಎತ್ತಲು ಮನಸ್ಸಾಗುತ್ತಿರಲಿಲ್ಲ. ಡಾಕ್ಟರಮ್ಮ ಕರೆಗಳನ್ನು ಬೇರೆಯವರ ಮನೆಗೆ ತಿರುಗಿಸಿ, ಒಂದು ತಿಂಗಳು ನನ್ನನ್ನು ಏನೂ ಕೇಳಲಿಲ್ಲ. ಆ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಮೂರು ಗಂಟೆಗೆ ಕತ್ರಿಗುಪ್ಪೆಯಿಂದ ಫೋನ್ ಬಂತು. ಇಷ್ಟು ವರ್ಷ ನನ್ನ ಜೊತೆ ಎರಡು ಮಾತಿಗಿಂತ ಹೆಚ್ಚು ಆಡದಿದ್ದ ಆ ತಾಯಿ, ನಮ್ಮ ಬೀದಿಯಲ್ಲಿ ಒಬ್ಬರು ಹೋಗಿದ್ದಾರೆ, ಅವರ ಮಕ್ಕಳಿಗೆ ಏನು ಮಾಡಬೇಕು ಗೊತ್ತಿಲ್ಲ, ನಾನು ಫ್ಯಾನ್ ಆರಿಸಿದ್ದೀನಿ, ಹತ್ತಿ ಇಡಿಸಿದ್ದೀನಿ, ಇನ್ನೇನು ಹೇಳು ಅಂದರು. ಅದು ನನ್ನ ಪಾಳಿಯ ಹೊತ್ತಲ್ಲ. ಪೆನ್ಸಿಲ್ ತಗೊಂಡೆ. ಹೋದವರ ವಯಸ್ಸೆಷ್ಟು ಅಂತ ಕೇಳಿದೆ.